ಜಿಂಕೆ ಬೇಟೆಗೆ ಯಾವ ತೋಟಾ, ಎಷ್ಟುದ್ದದ ಬ್ಯಾರೆಲ್? ಅನುಭವ ಇರುವವರು ಹೇಳಿ

ಮೊದಲ ಸಲ ರೈಫಲ್ ಕೊಳ್ಳುತ್ತಿದ್ದೇನೆ. ಲೈಸೆನ್ಸ್, ಬೇಟೆಯ ಪರ್ಮಿಟ್ ಎಲ್ಲ ಕೈಗೆ ಬಂದಿದೆ. ಜಾಗ ಬಹುಪಾಲು ದಟ್ಟ ಕಾಡು, ನಡುನಡುವೆ ಬಯಲು. ಹತ್ತಿರ ಅಂದರೆ 40 ಗಜ, ದೂರ ಅಂದರೆ 250 ಗಜ. .308 ವಿಂಚೆಸ್ಟರ್, 6.5 ಕ್ರೀಡ್‌ಮೂರ್, .270 ವಿಂಚೆಸ್ಟರ್, ಈ ಮೂರು ತೋಟಾಗಳ ನಡುವೆ ತಲೆ ಕೆಟ್ಟುಹೋಗಿದೆ. ಒಬ್ಬರು 24 ಇಂಚಿಗಿಂತ ಗಿಡ್ಡ ಬ್ಯಾರೆಲ್ ತಗೊಂಡರೆ ದುಡ್ಡು ದಂಡ ಅಂತಾರೆ. ಇನ್ನೊಬ್ಬರು 18 ಸಾಕು ಅಂತಾರೆ. ಒದೆತದ ಬಗ್ಗೆ ಸ್ವಲ್ಪ ಹೆದರಿಕೆಯೂ ಇದೆ, ಸುಳ್ಳು ಯಾಕೆ ಹೇಳಲಿ. ಬಳಸಿದವರು ದಯವಿಟ್ಟು ಬರೆಯಿರಿ.

*

ತೋಟಾ ವಿಷಯ ಆಮೇಲೆ, ಮೊದಲು ದೂರ ನೋಡಿ. ನೀವೇ ಹೇಳಿದ್ದೀರಲ್ಲ, 40ರಿಂದ 250 ಗಜ ಅಂತ. ಅಷ್ಟರೊಳಗೆ ಈ ಮೂರರಲ್ಲಿ ಯಾವುದನ್ನು ಹಿಡಿದರೂ ಜಿಂಕೆಗೆ ಸಾಕೋ ಸಾಕು. ಇವುಗಳ ಜಗಳ ನಿಜವಾಗಿ ಶುರುವಾಗುವುದು 350-400 ಗಜ ದಾಟಿದ ಮೇಲೆ. ಅಲ್ಲಿ 6.5ರ ಉದ್ದನೆಯ ತೆಳ್ಳನೆ ಗುಂಡು ಗಾಳಿಗೆ ಕಡಿಮೆ ಸರಿಯುತ್ತದೆ, ವೇಗವನ್ನೂ ಉಳಿಸಿಕೊಳ್ಳುತ್ತದೆ. ನಿಮಗೆ ಆ ದೂರವೇ ಇಲ್ಲ.

ಲೆಕ್ಕ ಬೇಕಾದರೆ ತಗೊಳ್ಳಿ. 100 ಗಜಕ್ಕೆ ಜೀರೋ ಮಾಡಿದ (ಆ ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ) .308ರಲ್ಲಿ 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು 200 ಗಜಕ್ಕೆ ಹೋಗುವಷ್ಟರಲ್ಲಿ ಸುಮಾರು 4 ಇಂಚು ಕೆಳಗಿಳಿಯುತ್ತದೆ. 6.5 ಕ್ರೀಡ್‌ಮೂರ್‌ನ 140 ಗ್ರೇನ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. .270ರ 130 ಗ್ರೇನ್ ಸುಮಾರು 3 ಇಂಚು. ಮಧ್ಯಮ ಗಾತ್ರದ ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗವೇ ಸುಮಾರು 8 ಇಂಚು ಅಗಲ ಇರುತ್ತದೆ. ಇನ್ನು ಆ ಒಂದು ಇಂಚಿಗೆ ರಾತ್ರಿಯೆಲ್ಲ ನಿದ್ದೆಗೆಡಬೇಕಾ?

ಬ್ಯಾರೆಲ್ ವಿಷಯದಲ್ಲಂತೂ ಜನ ಸುಮ್ನೆ ಹೆದರಿಸುತ್ತಾರೆ. ತೋಟಾ ಡಬ್ಬಿಯ ಮೇಲೆ ಬರೆದಿರುವ ವೇಗವನ್ನು ಸಾಮಾನ್ಯವಾಗಿ 24 ಇಂಚಿನ ಟೆಸ್ಟ್ ಬ್ಯಾರೆಲ್‌ನಲ್ಲಿ ಅಳೆದಿರುತ್ತಾರೆ. .308ರಲ್ಲಿ ಒಂದು ಇಂಚು ಕಡಿಮೆಯಾದರೆ ಸೆಕೆಂಡಿಗೆ 20-25 ಅಡಿ ವೇಗ ಹೋಗುತ್ತದೆ. ಅಂದರೆ 24ರಿಂದ 20ಕ್ಕೆ ಇಳಿದರೆ 2,820 ಇದ್ದದ್ದು 2,730ರ ಆಸುಪಾಸಿಗೆ ಬರುತ್ತದೆ. ಕೇಳಲು ದೊಡ್ಡ ನಷ್ಟ. ಆದರೆ ಇದೇ ಗುಂಡು ನಳಿಗೆಯ ಬಾಯಿಂದ ಹೊರಬಿದ್ದ ಮೇಲೆ ಮೊದಲ 100 ಗಜದಲ್ಲೇ 250-290 ಅಡಿ ವೇಗವನ್ನು ಗಾಳಿಗೆ ಕೊಟ್ಟುಬಿಡುತ್ತದೆ. ಹಾಗಾಗಿ ನೀವು ಕಳೆದುಕೊಂಡ ನಾಲ್ಕು ಇಂಚಿನ ಬೆಲೆ ಇಷ್ಟೇ: ಜಿಂಕೆ ನಿಂತಲ್ಲಿಂದ ಇನ್ನೊಂದು 35 ಗಜ ಹಿಂದೆ ನಿಂತ ಹಾಗೆ. 250 ಗಜದ ಈಡು 285 ಗಜದ ಈಡಾಯಿತು ಅಂದುಕೊಳ್ಳಿ. .308ಕ್ಕೆ ಅದೊಂದು ದೂರವೇ ಅಲ್ಲ.

ಆ ನಾಲ್ಕು ಇಂಚು ಕಡಿಮೆ ಆದದ್ದರಿಂದ ಸಿಗುವ ಲಾಭ ಮಾತ್ರ ಕಾಡಿಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ಹೆಗಲಿಗೆ ಹಾಕಿಕೊಂಡು ಬಗ್ಗಿ ನಡೆದರೆ ಉದ್ದ ಬ್ಯಾರೆಲ್‌ನ ತುದಿ ತಲೆಗಿಂತ ಮೇಲೆ ಎದ್ದು ಸಿಕ್ಕ ಸಿಕ್ಕ ಕೊಂಬೆಗೆ, ಬಳ್ಳಿಗೆ ತಗಲುತ್ತದೆ. ಮರಸು (ಅಡಗಿ ಕಾಯುವ ಜಾಗ) ಕೂತಾಗ ಇನ್ನೂ ಕಷ್ಟ. ಜಿಂಕೆ ಎಡದಿಂದ ಬರುತ್ತದೆ ಅಂತ ಕಾಯುತ್ತಿರುತ್ತೀರಿ, ಅದು ಬಲಗಡೆ ಬಂದು ನಿಲ್ಲುತ್ತದೆ, ನೀವು ತಿರುಗಿಸುವಾಗ ನಳಿಗೆ ಮರಸಿನ ಕಂಬಕ್ಕೆ ಟಕ್ ಅಂತ ತಾಗುತ್ತದೆ. ಮುಗೀತಲ್ಲ ಕಥೆ.

ನನ್ನ ಮಾತು: .308, 20 ಇಂಚು. 22 ಸಿಕ್ಕರೂ ಬೇಡ ಅನ್ನಬೇಡಿ.

*

ಮೇಲಿನವರ ಮಾತು .308ಕ್ಕೆ ಸರಿ. .270ಕ್ಕೆ ಅದನ್ನೇ ಹೇಳಿದರೆ ನಾನು ಒಪ್ಪಲ್ಲ.

ತೋಟಾದ ಹಿತ್ತಾಳೆ ಕೇಸು ದೊಡ್ಡದು, ನಳಿಗೆಯ ತೂತು ಸಣ್ಣದು ಇದ್ದಷ್ಟೂ ನಿಧಾನ ಉರಿಯುವ ಮದ್ದು ಜಾಸ್ತಿ ಬೇಕು. ಅದರ ಗ್ಯಾಸು ಹಿಗ್ಗಿ ಗುಂಡನ್ನು ತಳ್ಳಲು ಉದ್ದ ನಳಿಗೆ ಬೇಕು. .270 ಅಂದರೆ .30-06 ಅನ್ನುವ ದೊಡ್ಡ ತೋಟಾದ ಕೇಸಿನ ಕತ್ತನ್ನು ಕಿರಿದು ಮಾಡಿದ್ದು ಅಂತಲೇ ಇಟ್ಟುಕೊಳ್ಳಿ. 1925ರಿಂದ ಅದರ ಹೆಸರು ಉಳಿದಿರುವುದೇ ವೇಗದಿಂದ. ಅದಕ್ಕೆ 18 ಇಂಚಿನ ಬ್ಯಾರೆಲ್ ಹಾಕಿದರೆ ವೇಗವೂ ಜಾಸ್ತಿ ಹೋಗುತ್ತದೆ, ಬಾಯಲ್ಲಿ ಬೆಂಕಿಯೂ ಸದ್ದೂ ಜಾಸ್ತಿ ಬರುತ್ತದೆ. ಅದರ ಬದಲು .308 ತಗೊಳ್ಳುವುದೇ ವಾಸಿ, ಅಲ್ವಾ? ನನ್ನ .270ರಲ್ಲಿ 24 ಇಂಚು ಇದೆ. ಬಯಲು ಜಾಗಕ್ಕೆ ಅದು ಬಂಗಾರ. ಯಾವುದಕ್ಕೂ ಆತುಕೊಳ್ಳದೆ ನಿಂತು ಹೊಡೆಯುವಾಗ ಮುಂದಿನ ತೂಕ ಕೈಯನ್ನು ನಿಲ್ಲಿಸುತ್ತದೆ. ಗಿಡ್ಡ, ಹಗುರ ರೈಫಲ್ ಹಿಡಿದವರ ನಳಿಗೆ ತುದಿ ಅಲ್ಲಾಡುವುದನ್ನು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು. .308, 6.5 ಕ್ರೀಡ್‌ಮೂರ್ ಎರಡೂ ಶಾರ್ಟ್ ಆಕ್ಷನ್, ಅಂದರೆ ತೋಟಾ ತುಂಬುವ ಯಂತ್ರಭಾಗ ಗಿಡ್ಡ. .270, .30-06 ಲಾಂಗ್ ಆಕ್ಷನ್. ಲಾಂಗ್‌ನಲ್ಲಿ ಬೋಲ್ಟ್ (ತೋಟಾ ಕೂರುವ ಜಾಗವನ್ನು ಮುಚ್ಚುವ ಸರಳು) ಎಳೆಯುವ ದೂರ ಜಾಸ್ತಿ, ರೈಫಲ್ಲೂ ಸ್ವಲ್ಪ ಉದ್ದ. ದೊಡ್ಡ ವ್ಯತ್ಯಾಸವೇನಲ್ಲ, ಅಂಗಡಿಯಲ್ಲಿ ಕೈಗೆ ಹಿಡಿದು ನೋಡಿ.

*

ಉದ್ದ ಇದ್ದರೆ ಗುರಿ ಜಾಸ್ತಿ ಸರಿ ಬೀಳುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ದಪ್ಪದ ಎರಡು ಬ್ಯಾರೆಲ್‌ನಲ್ಲಿ ಗಿಡ್ಡದ್ದೇ ಗಟ್ಟಿ, ಅದು ಕಡಿಮೆ ಬಾಗುತ್ತದೆ. ಈ ಮಾತು ಹುಟ್ಟಿದ್ದು ಲೋಹದ ಸೈಟ್ ಕಾಲದಲ್ಲಿ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ದೂರ ಜಾಸ್ತಿ ಇದ್ದರೆ ಗುರಿ ಹಿಡಿಯುವುದು ಸುಲಭ. ಸ್ಕೋಪ್ ಹಾಕಿದ ಮೇಲೆ ಆ ಲಾಭ ಇಲ್ಲ.

*

ಒದೆತದ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಅದನ್ನು ಎಲ್ಲರೂ ನುಂಗಿಬಿಡುತ್ತಾರೆ. ನಾನು ಸಣ್ಣ ಮೈಕಟ್ಟಿನವಳು. ಮನೆಯಲ್ಲಿದ್ದದ್ದು .30-06. ಹೊಡೆಯಲು ಬರುತ್ತದೆ, ಆದರೆ ಬೆಂಚ್ ಮೇಲೆ ಕೂತು ಹತ್ತನೇ ಈಡಿಗೆ ಬರುವಷ್ಟರಲ್ಲಿ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಹೆಗಲು ತಾನಾಗಿ ಮುಂದೆ ತಳ್ಳುತ್ತದೆ. ಆ ಅಭ್ಯಾಸ ಒಮ್ಮೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಹಾಗಾಗಿ ನಾನು 7 ಎಂಎಂ-08ಕ್ಕೆ ಬಂದೆ. .308ರ ಕೇಸಿನ ಕತ್ತು ಕಿರಿದು ಮಾಡಿ 7 ಎಂಎಂ ಗುಂಡು ಕೂರಿಸಿದ್ದು, 1980ರಲ್ಲಿ ರೆಮಿಂಗ್ಟನ್ ತಂದದ್ದು. 140 ಗ್ರೇನ್ ಗುಂಡು ಸುಮಾರು 2,800 ಅಡಿ ವೇಗದಲ್ಲಿ ಹೋಗುತ್ತದೆ. ಒದೆತ .308ಕ್ಕಿಂತ ಮೆತ್ತಗೆ, ಜಿಂಕೆಗೆ ಆಗುವ ಕೆಲಸ ಅದೇ. ತೋಟಾ ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಅದೊಂದೇ ತಕರಾರು. ನಿಮ್ಮ ಪಟ್ಟಿಯಲ್ಲಿರುವ 6.5 ಕ್ರೀಡ್‌ಮೂರ್ ಕೂಡ ಇದೇ ಸಾಲಿಗೆ ಬರುತ್ತದೆ. ಒದೆತಕ್ಕೆ ಹೆದರುವವರಿಗೆ ಮೂರರಲ್ಲಿ ಅದೇ ಸರಿ ಅಂತ ನನಗೆ ಅನಿಸುತ್ತದೆ.

.243 ಅನ್ನುವ ಸಣ್ಣ ತೋಟಾದ ಒದೆತ ಇನ್ನೂ ಮೆತ್ತಗೆ. ಆದರೆ ಒಂದು ವಿಷಯ ನೋಡಿಕೊಳ್ಳಿ, ಕಾನೂನು. ಇಂಗ್ಲೆಂಡಿನಲ್ಲಿ ದೊಡ್ಡ ಜಿಂಕೆಗಳಿಗೆ ಕನಿಷ್ಠ .240 ಇಂಚು ವ್ಯಾಸ, 1,700 ಅಡಿ-ಪೌಂಡ್ ಶಕ್ತಿ ಇರಬೇಕು, ಹಾಗಾಗಿ .243 ನಡೆಯುತ್ತದೆ. ಜರ್ಮನಿಯಲ್ಲಿ ಸಣ್ಣ ರೋ ಜಿಂಕೆ ಬಿಟ್ಟು ಉಳಿದ ಜಿಂಕೆಗಳಿಗೆ ಕನಿಷ್ಠ 6.5 ಎಂಎಂ, 100 ಮೀಟರ್‌ನಲ್ಲಿ 2,000 ಜೌಲ್ ಇರಬೇಕು, ಅಲ್ಲಿ ಅದೇ .243 ನಡೆಯಲ್ಲ. ನಿಮ್ಮ ಪರ್ಮಿಟ್ಟಿನ ನಿಯಮ ಓದಿಯೇ ದುಡ್ಡು ಕೊಡಿ.

ರೈಫಲ್ ತೀರಾ ಹಗುರದ್ದು ಕೊಳ್ಳಬೇಡಿ. ತೂಕ ಇಳಿದಷ್ಟೂ ಒದೆತ ಏರುತ್ತದೆ. ಹೊರುವಾಗ ಸುಖ, ಹೊಡೆಯುವಾಗ ಪಾಡು. ಬಟ್ಟು (ಹೆಗಲಿಗೆ ಒತ್ತುವ ಹಿಂಭಾಗ) ಉದ್ದ ಆಗಿದ್ದರೆ ಕುತ್ತಿಗೆ ಚಾಚಬೇಕಾಗುತ್ತದೆ, ಹೆಗಲಿಗೆ ಸರಿಯಾಗಿ ಕೂರಲ್ಲ, ಆಗ ಸಣ್ಣ ಒದೆತವೂ ನೋಯುತ್ತದೆ. ಅದನ್ನು ಅಳತೆಗೆ ಸರಿಮಾಡಿಸಿಕೊಳ್ಳಬಹುದು, ರಬ್ಬರ್ ಪ್ಯಾಡ್ ಹಾಕಿಸಬಹುದು.

*

ಇಷ್ಟು ಜನ ಬರೆದರು, ಗುಂಡಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ಜಿಂಕೆಗೆ ತಾಗುವುದು ಗುಂಡು. ಹಿತ್ತಾಳೆ ಕೇಸು ನಿಮ್ಮ ಜೇಬಿನಲ್ಲೇ ಉಳಿಯುತ್ತದೆ.

ಬೇಟೆಯ ಗುಂಡು ಮೈಯೊಳಗೆ ಅರಳಬೇಕು. ಅರಳಲು ವೇಗ ಬೇಕು. ಸೀಸದ ಸಾಮಾನ್ಯ ಗುಂಡುಗಳು ಬಹುಪಾಲು ಸೆಕೆಂಡಿಗೆ 1,800 ಅಡಿಯವರೆಗೆ ಚೆನ್ನಾಗಿ ಅರಳುತ್ತವೆ. ಪೂರ್ತಿ ತಾಮ್ರದ ಗುಂಡುಗಳಲ್ಲಿ ಹಲವಕ್ಕೆ 2,000 ಇದ್ದರೆ ನೆಮ್ಮದಿ. ಬ್ಯಾರೆಲ್ ಉದ್ದದ ಪ್ರಶ್ನೆಯನ್ನು ಇಲ್ಲಿಂದ ಕೇಳಬೇಕು: ನಾನು ಹೊಡೆಯುವ ಕೊನೆಯ ದೂರದಲ್ಲಿ ಈ ಗುಂಡಿಗೆ ಅಷ್ಟು ವೇಗ ಉಳಿದಿರುತ್ತದಾ? 20 ಇಂಚಿನ .308ರಲ್ಲಿ 250 ಗಜಕ್ಕೆ 2,000 ಅಡಿಗಿಂತ ಜಾಸ್ತಿಯೇ ಉಳಿದಿರುತ್ತದೆ. ಅಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು.

ಹತ್ತಿರದಲ್ಲಿ ಇದರ ಉಲ್ಟಾ. 40 ಗಜದಲ್ಲಿ .270ರ ಮೆತ್ತನೆ ಹಗುರ ಗುಂಡು ಭುಜದ ಮೂಳೆಗೆ ಬಿದ್ದರೆ ಛಿದ್ರ ಛಿದ್ರ. ಸುತ್ತಲಿನ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಕಪ್ಪಗಾಗಿರುತ್ತದೆ, ಕೊಯ್ದು ಬಿಸಾಡಬೇಕು. ತಾಮ್ರದ್ದು ಅಥವಾ ಬಾಂಡೆಡ್ (ಒಳಗಿನ ಸೀಸವನ್ನು ಹೊದಿಕೆಗೆ ಬೆಸೆದ) ಗುಂಡು ಹಾಕಿದರೆ ಇದು ಕಡಿಮೆ. ತಾಮ್ರದ್ದು ಬಳಸಿದರೆ ಮಾಂಸದಲ್ಲಿ ಸೀಸದ ಚೂರು ಉಳಿಯುವ ತಲೆಬಿಸಿಯೂ ಇಲ್ಲ. ಆದರೆ ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತದೆ, ಉದ್ದ ಗುಂಡು ನೆಟ್ಟಗೆ ಹಾರಲು ಅದನ್ನು ತಿರುಗಿಸುವ ನಳಿಗೆಯೊಳಗಿನ ಗೀರುಗಳ ಸುರುಳಿ ಬಿಗಿ ಇರಬೇಕು. 6.5 ಕ್ರೀಡ್‌ಮೂರ್‌ನಲ್ಲಿ ಸಾಮಾನ್ಯವಾಗಿ 8 ಇಂಚಿಗೆ ಒಂದು ಸುತ್ತು ಇರುತ್ತದೆ, ತೊಂದರೆಯಿಲ್ಲ. ಹಳೆಯ .243ಗಳಲ್ಲಿ 10 ಇಂಚಿಗೆ ಒಂದು ಸುತ್ತು, ಅಲ್ಲಿ ತೂಕದ ತಾಮ್ರ ಗುಂಡು ನೆಟ್ಟಗೆ ಹಾರದೇ ಇರಬಹುದು.

ಮತ್ತೆ, ಪುಪ್ಪುಸಕ್ಕೆ ಸರಿಯಾಗಿ ಬಿದ್ದರೂ ಜಿಂಕೆ 50-100 ಗಜ ಓಡಬಹುದು. ತೋಟಾ ಸಾಲಲಿಲ್ಲ ಅಂತ ಬೈಯಬೇಡಿ. ನಿಂತಿದ್ದ ಜಾಗ ಗುರುತಿಟ್ಟುಕೊಳ್ಳಿ, ಸ್ವಲ್ಪ ಹೊತ್ತು ಅಲ್ಲಾಡದೆ ಕೂತು ಆಮೇಲೆ ರಕ್ತದ ಜಾಡು ಹಿಡಿಯಿರಿ.

*

ಎಲ್ಲರಿಗೂ ಥ್ಯಾಂಕ್ಸ್, ಬಹಳಷ್ಟು ಬಗೆಹರಿಯಿತು. ಇನ್ನೆರಡು ಕೇಳಿಬಿಡುತ್ತೇನೆ. ಪೊದೆ ಜಾಸ್ತಿ ಇರುವ ಕಡೆ .30-30 ಥರದ ನಿಧಾನದ ತೂಕದ ಗುಂಡು ಕಡ್ಡಿಗಳನ್ನು ಮುರಿದುಕೊಂಡು ಹೋಗುತ್ತದೆ ಅಂತ ಕೇಳಿದ್ದೇನೆ, ನಿಜವಾ? ಮುಂದೆ ನಳಿಗೆ ತುದಿಗೆ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕುವ ಯೋಚನೆಯೂ ಇದೆ, ನಾನಿರುವ ಕಡೆ ಅದಕ್ಕೆ ಅನುಮತಿ ಸಿಗುತ್ತದೆ.

*

ಪೊದೆ ಮುರಿದುಕೊಂಡು ಹೋಗುವ ಗುಂಡು ಇನ್ನೂ ಹುಟ್ಟಿಲ್ಲ. ಕಡ್ಡಿಗೆ ತಾಗಿದರೆ ಎಲ್ಲ ಗುಂಡೂ ದಾರಿ ತಪ್ಪುತ್ತದೆ, ನಿಧಾನದ್ದೂ ತಪ್ಪುತ್ತದೆ, ಜೋರಿನದ್ದೂ ತಪ್ಪುತ್ತದೆ. ಜಿಂಕೆಯ ಹತ್ತಿರವೇ ಕಡ್ಡಿ ಇದ್ದರೆ ಗುಂಡು ಅಷ್ಟೇನೂ ಪಕ್ಕಕ್ಕೆ ಸರಿಯುವುದಿಲ್ಲ, ನಿಮ್ಮ ಹತ್ತಿರ ಇದ್ದರೆ ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಸಂದಿ ಕಾಣುವವರೆಗೆ ಕಾಯಿರಿ, ಕಾಣದಿದ್ದರೆ ಬಿಡಿ.

ಹಾಗಂತ .30-30 ಕೆಟ್ಟದ್ದಲ್ಲ. 1895ರಿಂದ ಇದೆ, 150 ಗಜದೊಳಗೆ ಜಿಂಕೆಗೆ ಧಾರಾಳ ಸಾಕು. 20 ಇಂಚಿನ ಲಿವರ್ ರೈಫಲ್ (ಟ್ರಿಗರ್ ಕೆಳಗಿನ ಹಿಡಿಯನ್ನು ಇಳಿಸಿ ಎತ್ತಿ ತೋಟಾ ತುಂಬುವಂಥದ್ದು) ತೆಳ್ಳಗೆ, ಕೈಗೆ ಹಿಡಿಯಲು ಆಹಾ ಅನ್ನಿಸುತ್ತದೆ, ಅದು ಹೆಸರುವಾಸಿಯಾದದ್ದೂ ಆ ಹಿಡಿತದಿಂದಲೇ. ಅದರ ಟ್ಯೂಬ್ ಮ್ಯಾಗಜಿನ್‌ನಲ್ಲಿ ತೋಟಾಗಳು ಒಂದರ ಹಿಂದೆ ಒಂದು ಕೂರುತ್ತವೆ, ಗುಂಡಿನ ಮೂತಿ ಮುಂದಿನ ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಒತ್ತಿಕೊಂಡಿರುತ್ತದೆ. ಅದಕ್ಕೇ ಚೂಪು ಗುಂಡು ಹಾಕುವಂತಿಲ್ಲ, ಚಪ್ಪಟೆ ಮೂತಿಯದು ಅಥವಾ ಅದಕ್ಕೆಂದೇ ಮಾಡಿದ ಮೆತ್ತನೆ ತುದಿಯದು ಬೇಕು. ನಿಮಗೆ 250 ಗಜದ ಬಯಲೂ ಇದೆಯಲ್ಲ, ಹಾಗಾಗಿ ಬೇಡ.

ಸಪ್ರೆಸರ್ ಹಾಕುವುದಾದರೆ ಲೆಕ್ಕ ಬದಲಾಗುತ್ತದೆ. ಅದೇ 6-8 ಇಂಚು ಉದ್ದ ಇರುತ್ತದೆ. 24 ಇಂಚಿನ ಬ್ಯಾರೆಲ್ ಮೇಲೆ ಅದನ್ನು ಹಾಕಿಕೊಂಡು ಕಾಡಲ್ಲಿ ನಡೆಯುವುದು ದೋಟಿ ಹೊತ್ತುಕೊಂಡು ಬಾಗಿಲು ದಾಟಿದ ಹಾಗೆ. .308ಕ್ಕೆ 18 ಇಂಚು ತಗೊಳ್ಳಿ, 6.5ಕ್ಕೆ 20. ಹೊಸದಾಗಿ ಕೊಳ್ಳುವಾಗಲೇ ತುದಿಗೆ ಥ್ರೆಡ್ ಇರುವುದನ್ನು ಕೇಳಿ, ಆಮೇಲೆ ಹಾಕಿಸುವ ರಗಳೆ ಬೇಡ. ಹಾಕಿದಾಗ ಗುಂಡು ಬೀಳುವ ಜಾಗ ಸ್ವಲ್ಪ ಸರಿಯುತ್ತದೆ, ಹಾಕಿಕೊಂಡೇ ಜೀರೋ ಮಾಡಿ. ಮಝಲ್ ಬ್ರೇಕ್ (ನಳಿಗೆ ತುದಿಯಲ್ಲಿ ಗ್ಯಾಸನ್ನು ಪಕ್ಕಕ್ಕೆ ಬಿಡುವ ತುಂಡು) ಮಾತ್ರ ಬೇಡ. ಒದೆತ ಇಳಿಸುತ್ತದೆ ನಿಜ, ಆದರೆ ಸದ್ದನ್ನೆಲ್ಲ ತಂದು ನಿಮ್ಮ ಕಿವಿಗೂ ಪಕ್ಕದಲ್ಲಿ ಕೂತವರ ಕಿವಿಗೂ ತುಂಬುತ್ತದೆ. ರೈಫಲ್ ಸದ್ದು 160 ಡೆಸಿಬಲ್ ಆಸುಪಾಸು ಇರುತ್ತದೆ. 140 ದಾಟಿದರೆ ಒಂದೇ ಈಡಿಗೂ ಕಿವಿ ಹಾಳಾಗಬಹುದು. ಸಪ್ರೆಸರ್ ಇದ್ದರೂ ಕಿವಿಗೆ ಏನಾದರೂ ಹಾಕಿಕೊಳ್ಳಿ.

*

ಬ್ಯಾರೆಲ್ ಉದ್ದ ಅಳೆಯುವ ರೀತಿಯನ್ನೂ ಹೇಳಿಬಿಡುತ್ತೇನೆ, ಹಳೆಯ ರೈಫಲ್ ಕೊಂಡರೆ ಬೇಕಾಗುತ್ತದೆ. ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಬೋಲ್ಟ್ ಮುಚ್ಚಿ, ನಳಿಗೆಯ ಬಾಯಿಂದ ಕ್ಲೀನಿಂಗ್ ರಾಡ್ ಮೆಲ್ಲಗೆ ಇಳಿಸಿ. ಬೋಲ್ಟ್ ಮುಖಕ್ಕೆ ತಾಗಿ ನಿಂತಾಗ ನಳಿಗೆ ತುದಿಯ ಮಟ್ಟಕ್ಕೆ ರಾಡ್ ಮೇಲೆ ಟೇಪ್ ಸುತ್ತಿ, ಹೊರತೆಗೆದು ಅಳೆಯಿರಿ. ಹೊರಗೆ ಕಾಣುವ ನಳಿಗೆಯನ್ನಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ, ಚೇಂಬರ್ ಕೂಡ ಆ ಉದ್ದದಲ್ಲೇ ಸೇರಿದೆ.

*

20 ಇಂಚು ಅಂದವನು ನಾನೇ, ಮತ್ತೆ ಬಂದೆ. ಒದೆತಕ್ಕೆ ಹೆದರಿಕೆ ಇದೆ, ಸಪ್ರೆಸರ್ ಹಾಕ್ತೀನಿ ಅಂದ ಮೇಲೆ ನನ್ನ ಮಾತು ಸ್ವಲ್ಪ ಬದಲಾಗುತ್ತದೆ. 7 ಎಂಎಂ-08 ಬರೆದವರು ಸರಿ ಹೇಳಿದ್ದಾರೆ. 6.5 ಕ್ರೀಡ್‌ಮೂರ್, 20 ಇಂಚು, ಥ್ರೆಡ್ ಇರುವ ಬ್ಯಾರೆಲ್. .308 ರೈಫಲ್ ಯಾರಾದರೂ ಕೊಟ್ಟರೆ ಒಮ್ಮೆ ಹೊಡೆದು ನೋಡಿ, ಹೆಗಲು ಒಪ್ಪಿದರೆ ಅದನ್ನೇ ತಗೊಳ್ಳಿ, ಅದರ ತೋಟಾ ಸಿಗದ ಅಂಗಡಿ ಕಡಿಮೆ. ಎರಡು ಮೂರು ಬಗೆಯ ತೋಟಾ ಒಂದೊಂದು ಡಬ್ಬಿ ತಂದು 100 ಗಜದಲ್ಲಿ ಹೊಡೆದು, ನಿಮ್ಮ ರೈಫಲ್‌ಗೆ ಯಾವುದು ಒಗ್ಗುತ್ತದೋ ಅದನ್ನೇ ಜಾಸ್ತಿ ಕೊಂಡಿಡಿ. ಆಮೇಲೆ ಬೆಂಚ್ ಬಿಟ್ಟು ಏಳಿ. ಕೂತು, ಮಂಡಿಯೂರಿ, ಮರಕ್ಕೆ ಒರಗಿ ಹೊಡೆದು ನೋಡಿ. ಹಾಗೆ ಹೊಡೆದಾಗ 8 ಇಂಚಿನ ತಟ್ಟೆಗೆ ಪ್ರತಿ ಸಲ ಎಷ್ಟು ದೂರದಿಂದ ಬೀಳುತ್ತದೋ ನಿಮ್ಮ ದೂರ ಅಷ್ಟೇ. ಅದು 250 ಗಜ ಆಗದೆ 150 ಗಜ ಆದರೂ ಆಗಬಹುದು.