ಚಾರ್ಜರ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತಿದೆ: ರಿಫರ್ಬಿಶ್ಡ್ ಗೇಮಿಂಗ್ ಲ್ಯಾಪ್‌ಟಾಪ್ ಹಿಂದಿರುಗಿಸಲೇ?

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಿಂದ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಗೇಮಿಂಗ್ ಲ್ಯಾಪ್‌ಟಾಪ್ ತಂದಿದ್ದೇನೆ. ಇಂಟೆಲ್ ಐ7-11800ಎಚ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಚಿಪ್, 16 ಜಿಬಿ ರ‍್ಯಾಮ್, 144 ಹರ್ಟ್ಸ್ ಪರದೆ. ಮೈಮೇಲೆ ಒಂದು ಗೀರೂ ಇಲ್ಲ. ಅಂಗಡಿಯಲ್ಲಿ ಆಟ ಹಾಕಿ ತೋರಿಸಿದಾಗ ನೀರು ಹರಿದಂತೆ ಓಡಿತು. ಮನೆಯಲ್ಲಿ ಮೊದಲ ಹತ್ತು-ಹದಿನೈದು ನಿಮಿಷ ಎಲ್ಲ ಸರಿ. ಆಮೇಲೆ ಸೆಕೆಂಡಿಗೆ ತೊಂಬತ್ತರ ಆಸುಪಾಸಿನಲ್ಲಿದ್ದ ಫ್ರೇಮ್ (ಪರದೆಗೆ ಬರುವ ಚಿತ್ರ) ಒಮ್ಮೆಲೇ ಮೂವತ್ತಕ್ಕೆ ಬೀಳುತ್ತದೆ. ಫ್ಯಾನಿನ ಅಬ್ಬರಕ್ಕೆ ಪಕ್ಕದ ಕೋಣೆಯಲ್ಲಿ ಮಲಗಿದ ಅಜ್ಜಿ ಎದ್ದು ಬರುತ್ತಾರೆ. ಚಾರ್ಜರ್ ಹಾಕಿದ್ದರೂ ಆಡುವಾಗ ಬ್ಯಾಟರಿ ಇಳಿಯುತ್ತದೆ. ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ, ಪ್ರಯೋಜನವಾಗಲಿಲ್ಲ. ಬದಲಿಸಿಕೊಡುವ ಗಡುವು ಶನಿವಾರದವರೆಗೆ ಮಾತ್ರ. ಗ್ರಾಫಿಕ್ಸ್ ಚಿಪ್ ಹೋಗಿದೆಯೇ?

ಬೆಸುಗೆ ಕಡ್ಡಿ

ಚಿಪ್ಪಿನ ಮೇಲೆ ಈಗಲೇ ಅಪವಾದ ಹೊರಿಸಬೇಡಿ. ಮೊದಲು ಚಾರ್ಜರನ್ನು ಮಗುಚಿ, ಕೆಳಗಿನ ಚೀಟಿ ಓದಿ. ಔಟ್‌ಪುಟ್ ಎಂದು ಬರೆದಿರುವಲ್ಲಿ ವೋಲ್ಟ್ ಮತ್ತು ಆಂಪಿಯರ್ ಇರುತ್ತವೆ, ಎರಡನ್ನೂ ಗುಣಿಸಿದರೆ ವ್ಯಾಟ್. 19.5 ವೋಲ್ಟ್, 9.23 ಆಂಪಿಯರ್ ಇದ್ದರೆ 180 ವ್ಯಾಟ್. 20 ವೋಲ್ಟ್, 11.5 ಆಂಪಿಯರ್ ಇದ್ದರೆ 230. ಬಂದ ಅಂಕಿಯನ್ನು ನಿಮ್ಮ ಮಾದರಿಗೆ ಕಂಪನಿ ಹೇಳಿರುವ ಅಂಕಿಯೊಂದಿಗೆ ಹೋಲಿಸಿ.

ಗೇಮಿಂಗ್ ಲ್ಯಾಪ್‌ಟಾಪಿಗೆ ಚಾರ್ಜರ್ ಸಾಲದೆ ಬಂದರೆ ಕೊರತೆಯನ್ನು ಅದು ಬ್ಯಾಟರಿಯಿಂದ ತುಂಬಿಕೊಳ್ಳುತ್ತದೆ. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದ ಮೇಲೆ ತನ್ನ ವೇಗವನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಅಂಗಡಿಯ ಹತ್ತು ನಿಮಿಷದಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಆಗ ಬ್ಯಾಟರಿ ತುಂಬಿರುತ್ತದೆ. ಸರಿಯಾದ ಚಾರ್ಜರ್ ಇದ್ದರೂ ಭಾರಿ ಆಟದಲ್ಲಿ ಕೆಲವು ಮಾದರಿಗಳು ಶೇಕಡಾ ಎರಡು-ಮೂರು ಇಳಿಯುವುದುಂಟು, ಅದಕ್ಕೆ ಹೆದರಬೇಕಿಲ್ಲ.

ಜೊತೆಗೆ ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಳ್ಳಿ. ಅದರ ಸೆನ್ಸರ್ ಪುಟದಲ್ಲಿ ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲಿದೆ. ವೇಗಕ್ಕೆ ಕಡಿವಾಣ ಹಾಕುತ್ತಿರುವುದು ವಿದ್ಯುತ್ತೋ ಬಿಸಿಯೋ ಎಂಬುದನ್ನು ಅದೇ ಹೇಳುತ್ತದೆ. ಅರ್ಧ ಗಂಟೆ ಆಡಿ, ಆ ಸಾಲು, ಚಿಪ್ಪಿನ ತಾಪಮಾನ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯಾದ ಜಾಗ) ತಾಪಮಾನ, ಈ ಮೂರನ್ನೂ ಇಲ್ಲಿ ಹಾಕಿ. ಎಸಿ ಹಾಕಬೇಡಿ. ಅಂಗಡಿಯ ಎಸಿಯಲ್ಲಿ ಸಿಕ್ಕ ಅಂಕಿ ಮೇ ತಿಂಗಳ ಡೊಂಬಿವಲಿಗೆ ಹೊಂದುವುದಿಲ್ಲ.

ಹಿಂಜೇವಾಡಿ ಪಾಳಿ

ಗಡುವು ಮುಗಿಯುವ ಮುಂಚೆ ಇನ್ನೊಂದು ಕೆಲಸ ಮಾಡಿಬಿಡಿ. ನಿಮ್ಮ ಕಡತಗಳನ್ನು ಬೇರೆಡೆ ಇಟ್ಟು, ವಿಂಡೋಸನ್ನು ಪೂರ್ತಿ ರೀಸೆಟ್ ಮಾಡಿ, ಇಂಟರ್‌ನೆಟ್ ಜೋಡಿಸಿ ಆರಂಭಿಸಿ. ಯಾವುದೋ ಕಂಪನಿಯ ಹೆಸರು ತೋರಿಸಿ ಕಚೇರಿಯ ಇಮೇಲ್ ಕೇಳಿದರೆ ಯಂತ್ರ ಇನ್ನೂ ಹಳೆಯ ಮಾಲೀಕರ ಲೆಕ್ಕದಲ್ಲೇ ಇದೆ ಎಂದರ್ಥ. ಡಿಸ್ಕ್ ಬದಲಿಸಿದರೂ ಆ ಬೀಗ ಹೋಗುವುದಿಲ್ಲ, ಅವರೇ ತಮ್ಮ ಪಟ್ಟಿಯಿಂದ ಕೈಬಿಡಬೇಕು. ಕಂಪನಿಗಳು ವಿಲೇವಾರಿ ಮಾಡಿದ ಲ್ಯಾಪ್‌ಟಾಪುಗಳಲ್ಲಿ ಈ ತಾಪತ್ರಯ ಹೆಚ್ಚು, ಗೇಮಿಂಗ್ ಮಾದರಿಗಳಲ್ಲಿ ಕಡಿಮೆ. ವಿಂಡೋಸಿಗೂ ಮುಂಚೆ ತೆರೆದುಕೊಳ್ಳುವ ಬಯಾಸ್‌ಗೆ ಪಾಸ್‌ವರ್ಡ್ ಇದೆಯೇ ಎಂಬುದನ್ನೂ ಅದೇ ಕೈಯಲ್ಲಿ ನೋಡಿ.

ವಿಂಡೋಸ್ ಅಸಲಿಯೇ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆಯ ಜೊತೆ ಎಕ್ಸ್‌ಪಿಆರ್ ಎಂದು ಕೊಡಿ (slmgr /xpr). ಶಾಶ್ವತ ಎಂದು ಬರಬೇಕು. ಕೊನೆಯಾಗುವ ದಿನಾಂಕ ಬಂದರೆ ಯಾವುದೋ ಸಂಸ್ಥೆಗೆ ಸೇರಿದ ಪರವಾನಗಿಯನ್ನೋ ನಕಲಿಯನ್ನೋ ಅಂಟಿಸಿಕೊಟ್ಟಿದ್ದಾರೆ.

ಡೊಂಬಿವಲಿ ಫಾಸ್ಟ್

ಧನ್ಯವಾದ ಸರ್. ಚೀಟಿಯಲ್ಲಿ 19.5 ವೋಲ್ಟ್, 6.15 ಆಂಪಿಯರ್ ಇದೆ. ಅಂದರೆ ಬರೀ 120! ಕಂಪನಿಯ ಪುಟದಲ್ಲಿ ನನ್ನ ಮಾದರಿಗೆ 230 ಎಂದಿದೆ. ಅಂಗಡಿಯವರಿಗೆ ಫೋನ್ ಮಾಡಿದರೆ "ಪಿನ್ ಕೂಡುತ್ತದಲ್ಲ, ಮತ್ತೇನು" ಎಂದರು. ನಾನು ಬಿಡಲಿಲ್ಲ. ಕೊನೆಗೆ 230 ವ್ಯಾಟಿನದನ್ನು ಕೊಟ್ಟರು.

ಈಗ ಬ್ಯಾಟರಿ ಇಳಿಯುತ್ತಿಲ್ಲ. ಫ್ರೇಮ್ ಮೂವತ್ತಕ್ಕೆ ಬೀಳುವುದೂ ನಿಂತಿದೆ. ಆದರೆ ಅರ್ಧ ಗಂಟೆಯ ಹೊತ್ತಿಗೆ ಐವತ್ತೈದು-ಅರವತ್ತಕ್ಕೆ ಬಂದು ಕೂರುತ್ತದೆ. ಚಿಪ್ 82 ಡಿಗ್ರಿ, ಹಾಟ್‌ಸ್ಪಾಟ್ 106. ಆ ಸಾಲಿನಲ್ಲಿ ಥರ್ಮ್, ಅಂದರೆ ಬಿಸಿ, ಎಂದು ಬರುತ್ತಿದೆ. ರೀಸೆಟ್ ಕೂಡ ಮಾಡಿದೆ, ಯಾವ ಕಂಪನಿಯ ಹೆಸರೂ ಬರಲಿಲ್ಲ.

ಬೆಸುಗೆ ಕಡ್ಡಿ

ಹಾಗಾದರೆ ರೋಗ ಎರಡು, ಒಂದು ವಾಸಿಯಾಗಿದೆ. ಚಿಪ್ಪಿನ ತಾಪಕ್ಕೂ ಹಾಟ್‌ಸ್ಪಾಟಿಗೂ ಹತ್ತು-ಹದಿನೈದು ಡಿಗ್ರಿ ಅಂತರ ಸಹಜ. 24 ಎಂದರೆ ಚಿಪ್ಪಿನ ಒಂದು ಭಾಗಕ್ಕೆ ತಾಮ್ರದ ತಟ್ಟೆ ಸರಿಯಾಗಿ ತಾಗುತ್ತಿಲ್ಲ. ಚಿಪ್ಪಿನ ಬಿಸಿಯನ್ನು ತಟ್ಟೆಗೆ ದಾಟಿಸುವ ಪೇಸ್ಟ್ ಒಣಗಿರಬಹುದು, ಯಾರೋ ಬಿಚ್ಚಿ ಜೋಡಿಸುವಾಗ ಸ್ಕ್ರೂಗಳನ್ನು ಸಮನಾಗಿ ಬಿಗಿ ಮಾಡದೆ ಇರಬಹುದು. ನೀವೇ ಬಿಚ್ಚಬೇಡಿ: ಕೆಲವು ಮಾದರಿಗಳಲ್ಲಿ ಪೇಸ್ಟಿನ ಬದಲು ದ್ರವ ಲೋಹ ಇರುತ್ತದೆ, ಅದು ಹನಿ ಜಾರಿದರೂ ಬೋರ್ಡ್ ಸುಟ್ಟೀತು. ಅಂಗಡಿಯವರ ಖರ್ಚಿನಲ್ಲೇ, ನಿಮ್ಮ ಎದುರೇ ಪೇಸ್ಟ್ ಬದಲಿಸಲಿ. ಫ್ಯಾನಿನ ಹಿಂದಿನ ರೆಕ್ಕೆಗಳಲ್ಲಿ ನಮ್ಮ ಮುಂಬಯಿಯ ತೇವ ಮತ್ತು ದೂಳು ಸೇರಿ ಕಂಬಳಿಯಂಥ ಪದರ ಕಟ್ಟಿರುತ್ತದೆ. ಅದನ್ನೂ ತೆಗೆಸಿ.

ಮುಚ್ಚಳ ತೆರೆದಾಗ ಮೊಬೈಲ್ ದೀಪ ಹಿಡಿದು ಗ್ರಾಫಿಕ್ಸ್ ಚಿಪ್ಪಿನ ನಾಲ್ಕೂ ಅಂಚು ನೋಡಿ. ಸುತ್ತ ಕಂದು ಬಣ್ಣದ ಅಂಟಂಟಾದ ಫ್ಲಕ್ಸ್ (ಬೆಸುಗೆಗೆ ಹಚ್ಚುವ ಅಂಟು) ಕಲೆ ಇದ್ದರೆ ಆ ಚಿಪ್ಪನ್ನು ಬಿಸಿಗಾಳಿಯಲ್ಲಿ ಕಾಯಿಸಿ ಮತ್ತೆ ಕೂರಿಸಿರುವ ಸಾಧ್ಯತೆ ಹೆಚ್ಚು. ಅಂಥದ್ದು ಇಂದು ಓಡಬಹುದು, ಮಳೆಗಾಲಕ್ಕೆ ಕೈಕೊಡಬಹುದು. ಕಂಡರೆ ಮಾತೇ ಬೇಡ, ಹಣ ವಾಪಸು ಕೇಳಿ.

ವಾಸ್ಕೋ ಬಂದರು

ಕಡಲ ತೀರದಲ್ಲಿರುವ ನಾನು ಇನ್ನೊಂದನ್ನು ಸೇರಿಸುತ್ತೇನೆ. ಗೋವೆಯಲ್ಲಿ ಉಪ್ಪುಗಾಳಿ ತಿಂದ ಯಂತ್ರಗಳು ಹೊರಗಿನಿಂದ ಒರೆಸಿದ ಮೇಲೆ ಮದುಮಗನಂತೆ ಕಾಣುತ್ತವೆ. ಎಚ್‌ಡಿಎಂಐ ಕಿಂಡಿಯೊಳಗೆ ಇಣುಕಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ, ಸ್ಕ್ರೂಗಳ ತಲೆ ತುಕ್ಕು ಹಿಡಿದಿದ್ದರೆ ಒಳಗಿನ ಸ್ಥಿತಿಯನ್ನೂ ಅನುಮಾನಿಸಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಕೆಳಮುಚ್ಚಳ ಮಧ್ಯದಲ್ಲಿ ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.

ಅಂದಹಾಗೆ, 144 ಹರ್ಟ್ಸ್ ಪರದೆ ಎಂದಿರಿ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ನೋಡಿದ್ದೀರಾ? ಒಡೆದ ಪರದೆಯ ಜಾಗದಲ್ಲಿ ಅಗ್ಗದ 60 ಹರ್ಟ್ಸ್‌ನದನ್ನು ಕೂರಿಸಿ, ಹಳೆಯ ಸ್ಟಿಕ್ಕರ್ ಹಾಗೇ ಬಿಡುವವರಿದ್ದಾರೆ.

ಡೊಂಬಿವಲಿ ಫಾಸ್ಟ್

ನೋಡಿದೆ, 144 ಇದೆ. ಇಂದು ಎದುರಿಗೇ ನಿಂತು ಪೇಸ್ಟ್ ಬದಲಿ ಮಾಡಿಸಿದೆ. ಹಳೆಯ ಪೇಸ್ಟ್ ಸೀಮೆಸುಣ್ಣದ ಪುಡಿಯಾಗಿತ್ತು. ಫ್ಲಕ್ಸ್ ಕಲೆ ಇಲ್ಲ, ಹಸಿರೂ ಇಲ್ಲ. ಮನೆಗೆ ಬಂದು ಎಸಿ ಇಲ್ಲದೆ ಆಡಿದರೆ ಚಿಪ್ 76, ಹಾಟ್‌ಸ್ಪಾಟ್ 88. ಫ್ರೇಮ್ ಎಂಬತ್ತೈದರ ಕೆಳಗೆ ಇಳಿಯಲಿಲ್ಲ. ಇಟ್ಟುಕೊಳ್ಳಬಹುದೇ?

ಬೆಸುಗೆ ಕಡ್ಡಿ

ನಾನಾದರೆ ಇಟ್ಟುಕೊಳ್ಳುತ್ತೇನೆ. ಗಡುವಿನೊಳಗೆ ಇನ್ನೆರಡು ಉಳಿದಿವೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆಯ ಜೊತೆ ಬ್ಯಾಟರಿರಿಪೋರ್ಟ್ ಎಂದು (powercfg /batteryreport) ಕೊಟ್ಟರೆ ಒಂದು ಪುಟ ತಯಾರಾಗುತ್ತದೆ. ಡಿಸೈನ್ ಕೆಪಾಸಿಟಿಗೆ (ಹೊಸದಿದ್ದಾಗಿನ ಸಾಮರ್ಥ್ಯ) ಹೋಲಿಸಿದರೆ ಫುಲ್ ಚಾರ್ಜ್ ಕೆಪಾಸಿಟಿ (ಈಗಿನ ಸಾಮರ್ಥ್ಯ) ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಮುರಿಸಿಕೊಳ್ಳಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಎಸ್‌ಎಸ್‌ಡಿಯ (ಕಡತಗಳಿರುವ ಡಿಸ್ಕ್) ಆರೋಗ್ಯವನ್ನೂ ಅದು ಓಡಿದ ಗಂಟೆಗಳನ್ನೂ ತೋರಿಸುತ್ತದೆ. ಗಂಟೆ ತೀರಾ ಕಡಿಮೆ ಇದ್ದರೆ ಹಿಗ್ಗಬೇಡಿ, ಡಿಸ್ಕನ್ನು ಮಾತ್ರ ಹೊಸದಾಗಿ ಹಾಕಿರುತ್ತಾರೆ.

ಬಿಲ್ಲಿನ ಮೇಲೆ ಮಾದರಿ ಮತ್ತು ಸೀರಿಯಲ್ ಸಂಖ್ಯೆಯ ಜೊತೆ 230 ವ್ಯಾಟ್ ಚಾರ್ಜರ್ ಎಂದೂ ಬರೆಸಿ. ಬಯಾಸ್‌ನಲ್ಲಿ ಕಾಣುವ ಸೀರಿಯಲ್ ಸಂಖ್ಯೆ ಕೆಳಗಿನ ಸ್ಟಿಕ್ಕರಿಗೆ ತಾಳೆಯಾಗದಿದ್ದರೆ ಬೋರ್ಡ್ ಬದಲಾಗಿರಬಹುದು, ಹಾಗಿದ್ದರೆ ಅದನ್ನೂ ಬಿಲ್ಲಿನಲ್ಲಿ ನಮೂದಿಸಲಿ. ಬರೆದುಕೊಡಲು ತಕರಾರು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಡೊಂಬಿವಲಿ ಫಾಸ್ಟ್

ಸೀರಿಯಲ್ ತಾಳೆಯಾಗುತ್ತದೆ. ಬ್ಯಾಟರಿ ಶೇಕಡಾ 71ಕ್ಕೆ ಇಳಿದಿದೆ. ನಾಳೆ ಬಿಲ್ ಬರೆಸಲು ಹೋದಾಗ ಅದರ ಚೌಕಾಸಿಯನ್ನೂ ಮಾಡುತ್ತೇನೆ.

ಬೆಸುಗೆ ಕಡ್ಡಿ

71 ಪರವಾಗಿಲ್ಲ, 2021ರ ಪೀಳಿಗೆಯ ಯಂತ್ರಕ್ಕೆ ಅದು ಒಳ್ಳೆಯ ಅಂಕಿಯೇ. ಚೌಕಾಸಿ ಮಾತ್ರ ಬಿಡಬೇಡಿ.