ಅಪ್‌ಡೇಟ್: ಕೊನೆಗೂ ಹಳೆಯ ಸಿಯೆನ್ನಾವನ್ನೇ ತಂದೆವು

ಹೊಸ ಟೊಯೋಟಾ ಸಿಯೆನ್ನಾ ಮಿನಿವ್ಯಾನ್ (ಮೂರು ಸಾಲು ಸೀಟಿನ ಕುಟುಂಬದ ಗಾಡಿ) ಕೊಳ್ಳಬೇಕೋ, ಹಿಂದಿನ ತಲೆಮಾರಿನ ಬಳಸಿದ ಗಾಡಿಯೇ ಸಾಕೋ ಎಂದು ಹೋದ ತಿಂಗಳು ಕೇಳಿದ್ದೆ. ಎರಡನ್ನೂ ಓಡಿಸಿ ನೋಡಿ, 2018ರ ಗಾಡಿಯನ್ನು ಮನೆಗೆ ತಂದಿದ್ದೇವೆ.

2021ರ ಮಾದರಿಯಿಂದ ಸಿಯೆನ್ನಾ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು) ಮಾತ್ರ. ಇಂಧನ ಉಳಿತಾಯದಲ್ಲಿ ಹಳೆಯದು ಅದರ ಹತ್ತಿರಕ್ಕೂ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಹೊಸದರ ನಡುಸಾಲಿನ ಸೀಟುಗಳನ್ನು ಕಳಚಲು ಆಗುವುದಿಲ್ಲ. ಅವುಗಳೊಳಗೇ ಏರ್‌ಬ್ಯಾಗ್ ಇದೆ. ನಮ್ಮದೋ ಸೈಕಲ್, ಮಂಚ, ಮರದ ಹಲಗೆ ಎಲ್ಲವನ್ನೂ ತುಂಬುವ ಸಂಸಾರ. ಹಳೆಯದರ ಸೀಟನ್ನು ಎತ್ತಿ ಹೊರಗಿಡುವಾಗ ಸೊಂಟ ಹಿಡಿದುಕೊಂಡಿತು, ಅದು ಬೇರೆ ಮಾತು. ಹಳೆಯ ಗಾಡಿಯ 3.5 ಲೀಟರಿನ ವಿ6 (ಆರು ಸಿಲಿಂಡರಿನ) ಎಂಜಿನ್ ಏರಿನಲ್ಲಿ ಏದುಸಿರು ಬಿಡುವುದಿಲ್ಲ.

ಕೊಳ್ಳುವ ಮುನ್ನ ಪರೀಕ್ಷಿಸಿ ಎಂದು ನನ್ನ ಪ್ರಶ್ನೆಗೆ ಉತ್ತರವಾಗಿ ನೀವು ಹೇಳಿದಂತೆ ಈ ಗಾಡಿಯ ಜಾರುಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ ನೋಡಿದೆ. ಎಡಬಾಗಿಲು ಕೊಂಚ ತಡವರಿಸಿತು. ಹಳಿಯಲ್ಲಿ ಬಿಸ್ಕತ್ತಿನ ಪುಡಿ ಮೆತ್ತಿಕೊಂಡಿತ್ತು. ಒರೆಸಿದ ಮೇಲೆ ಸರಿಯಾಯಿತು.