ಮೆಣಸಿನಕಾಯಿ ಹೊಲದ ತಿಳಿವಳಿಕೆ ಮಾಹಿತಿ ವಿಜ್ಞಾನದ ವಿಷಯವಾಗಬಲ್ಲದೆ?

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನನ್ನ ಊರು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಮಾಹಿತಿ ವಿಜ್ಞಾನವು ಜ್ಞಾನದ ಸಂವಹನವನ್ನು ಅಧ್ಯಯನ ಮಾಡುತ್ತದೆ ಎಂದು ಮೊದಲ ಪಾಠದಲ್ಲೇ ಕಲಿತೆ. ಆದರೆ ಅಲ್ಲಿಂದ ಮುಂದೆ ಬಂದದ್ದೆಲ್ಲ ಸಂಶೋಧನಾ ಪತ್ರಿಕೆ, ಉಲ್ಲೇಖಗಳ ಎಣಿಕೆ, ಬ್ರಾಡ್‌ಫರ್ಡ್ ನಿಯಮ ಮತ್ತು ಲೋಟ್ಕಾ ನಿಯಮ, ಅಂದರೆ ಯಾವ ಪತ್ರಿಕೆಯಲ್ಲಿ, ಯಾವ ಲೇಖಕರಿಂದ ಎಷ್ಟು ಲೇಖನ ಬರುತ್ತವೆ ಎಂಬ ಲೆಕ್ಕಗಳು.

ಕಳೆದ ವರ್ಷ ನಮ್ಮ ಮೆಣಸಿನ ಗಿಡಗಳಿಗೆ ಎಲೆ ಮುದುಡುವ ಮುಟುರು ರೋಗ ಬಿದ್ದಾಗ ನಮ್ಮ ತಂದೆಯವರು ಮೊದಲು ಕೇಳಿದ್ದು ಬದುವಿನಾಚೆಯ ಹೊಲದವರನ್ನು, ಆಮೇಲೆ ಗೊಬ್ಬರದ ಅಂಗಡಿಯವರನ್ನು. ಅಂಗಡಿಯಲ್ಲಿ ಕೊಟ್ಟ ಎಣ್ಣೆಯನ್ನು (ಕೀಟನಾಶಕವನ್ನು) ಎರಡು ಸಲ ಹೊಡೆದರೂ ಗಿಡ ಚೇತರಿಸಿಕೊಳ್ಳಲಿಲ್ಲ. ಎಲೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಕೀಟ, ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿ, ಒಂದಕ್ಕೆ ಹೊಡೆಯುವ ಎಣ್ಣೆ ಇನ್ನೊಂದಕ್ಕೆ ನಾಟುತ್ತದೆ ಎನ್ನುವಂತಿಲ್ಲ ಎಂಬುದನ್ನು ನಾನು ಧಾರವಾಡದ ಗ್ರಂಥಾಲಯದಲ್ಲಿ ಕುಳಿತು ಓದುವ ಹೊತ್ತಿಗೆ ಹಂಗಾಮು ಮುಗಿದಿತ್ತು. ನಮ್ಮ ಹೊಲದಿಂದ ಬಸ್ಸಿನಲ್ಲಿ ಕೆಲವೇ ತಾಸು ದೂರದ ಕಪಾಟಿನಲ್ಲಿದ್ದ ಈ ಮಾತು ನಮ್ಮ ತಂದೆಯವರನ್ನು ಏಕೆ ತಲುಪಲಿಲ್ಲ ಎಂಬುದನ್ನೇ ಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಬೇಕೆಂದಿದ್ದೇನೆ. ಇದು ಕೃಷಿ ವಿಸ್ತರಣೆಯವರ, ಅಂದರೆ ಸಂಶೋಧನೆಯನ್ನು ರೈತರಿಗೆ ಮುಟ್ಟಿಸುವವರ ವಿಷಯ, ನಮ್ಮದಲ್ಲ ಎಂದು ಕೆಲವರು ಹೇಳುತ್ತಿದ್ದಾರೆ. ಅದು ನಿಜವೆ? ನಮ್ಮದೇ ಆಗಿದ್ದರೆ ಅಧ್ಯಯನ ಮಾಡುವ ದಾರಿ ಯಾವುದು?

ಉತ್ತರ 1: ನಿವೃತ್ತ ಗ್ರಂಥಪಾಲಕ, ಧಾರವಾಡ

ತಂಗಿ, ನಿಮ್ಮ ಪ್ರಶ್ನೆ ನಮ್ಮ ಶಾಸ್ತ್ರದ ನಡುಮನೆಯ ಪ್ರಶ್ನೆಯೇ ಆಗಿದೆ. ನಾವು ಪತ್ರಿಕೆಗಳಿಗೇ ಅಂಟಿಕೊಂಡಂತೆ ಕಾಣುವುದಕ್ಕೆ ಕಾರಣವಿದೆ. ಜ್ಞಾನ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಕಣ್ಣಿಗೆ ಕಾಣುವುದಿಲ್ಲ. ಅದು ಬಿಟ್ಟುಹೋದ ಹೆಜ್ಜೆಗುರುತು ಮಾತ್ರ ಕಾಣುತ್ತದೆ. 1665ರಲ್ಲಿ ಪ್ಯಾರಿಸ್ಸಿನಲ್ಲೂ ಲಂಡನ್ನಿನಲ್ಲೂ ಮೊದಲ ವಿದ್ವತ್ ಪತ್ರಿಕೆಗಳು ಆರಂಭವಾದ ಮೇಲೆ, ಒಬ್ಬ ಲೇಖಕ ಯಾರಿಂದ ಏನನ್ನು ಪಡೆದ ಎಂಬುದನ್ನು ಬರೆದಿಡುವ ರೂಢಿ ನಿಧಾನವಾಗಿ ಬೆಳೆಯಿತು. ಅಮೆರಿಕದ ಮಾಹಿತಿ ವಿಜ್ಞಾನಿ ಯುಜೀನ್ ಗಾರ್ಫೀಲ್ಡ್ ಈ ಉಲ್ಲೇಖಗಳನ್ನೇ ಸೂಚಿಯಾಗಿ ಜೋಡಿಸಬಹುದೆಂದು 1955ರಲ್ಲಿ ಬರೆದು, 1964ರಲ್ಲಿ ವಿಜ್ಞಾನ ಉಲ್ಲೇಖ ಸೂಚಿಯನ್ನು ಪ್ರಕಟಿಸಿದರು. ಎಣಿಸಲು ಗುರುತು ಸಿಕ್ಕಲ್ಲಿ ಎಣಿಕೆ ಬೆಳೆಯಿತು, ಅಷ್ಟೇ. ಗುರುತು ಬಿಡದೆ ಸಾಗುವ ತಿಳಿವಳಿಕೆ ನಮ್ಮ ಎಲ್ಲೆಯ ಹೊರಗಿದೆ ಎಂದು ಇದರಿಂದ ಅರ್ಥ ಮಾಡಿಕೊಳ್ಳಬಾರದು.

ವಿಜ್ಞಾನಿಗಳ ವಿಷಯದಲ್ಲೂ ಪತ್ರಿಕೆಯೇ ಪೂರ್ತಿ ಕಥೆಯಲ್ಲ ಎಂಬುದನ್ನು ವಿಜ್ಞಾನದ ಇತಿಹಾಸಕಾರ ಡೆರೆಕ್ ಪ್ರೈಸ್ 1963ರಲ್ಲೇ ತೋರಿಸಿದ್ದರು. ಒಂದೇ ಸಮಸ್ಯೆಯ ಮೇಲೆ ದುಡಿಯುವ ಕೆಲವೇ ಮಂದಿ ಪತ್ರ, ಭೇಟಿ, ಕರಡು ಪ್ರತಿಗಳ ಮೂಲಕ ತಮ್ಮೊಳಗೇ ಸುದ್ದಿ ಹಂಚಿಕೊಳ್ಳುತ್ತಾರೆ. ಅಚ್ಚಾಗುವ ಹೊತ್ತಿಗೆ ಅದು ಅವರಿಗೆ ಹಳೆಯದಾಗಿರುತ್ತದೆ. ಹದಿನೇಳನೆಯ ಶತಮಾನದ ಹೆಸರೊಂದನ್ನು ಎರವಲು ಪಡೆದು ಪ್ರೈಸ್ ಇಂಥ ಗುಂಪನ್ನು ಅದೃಶ್ಯ ಕಾಲೇಜು ಎಂದು ಕರೆದರು. ನಿಮಗೆ ಬಹಳ ಬೇಕಾದ ಸಂಗತಿ ಇನ್ನೊಂದಿದೆ. ಸಮಾಜಶಾಸ್ತ್ರಜ್ಞೆ ಡಯಾನಾ ಕ್ರೇನ್ 1972ರಲ್ಲಿ ಇಂಥ ಗುಂಪುಗಳನ್ನು ವಿವರವಾಗಿ ಅಧ್ಯಯನ ಮಾಡಿದಾಗ ಆರಿಸಿಕೊಂಡ ಎರಡು ಕ್ಷೇತ್ರಗಳಲ್ಲಿ ಒಂದು ಗಣಿತದ ಶಾಖೆಯಾದರೆ, ಇನ್ನೊಂದು ರೈತರಲ್ಲಿ ಹೊಸ ಕೃಷಿ ಪದ್ಧತಿಗಳು ಹೇಗೆ ಹರಡುತ್ತವೆ ಎಂಬುದನ್ನು ಶೋಧಿಸುತ್ತಿದ್ದ ಗ್ರಾಮೀಣ ಸಮಾಜಶಾಸ್ತ್ರಜ್ಞರದು. ವಿಸ್ತರಣೆಗೂ ನಮ್ಮ ಶಾಸ್ತ್ರಕ್ಕೂ ನಡುವೆ ಗೋಡೆ ಇದೆ ಎನ್ನುವವರಿಗೆ ಇದನ್ನು ತೋರಿಸಿ.

ಉತ್ತರ 2: ಕೃಷಿ ವಿಸ್ತರಣೆಯಲ್ಲಿ ಕೆಲಸ ಮಾಡುವವರು, ಹಾವೇರಿ

ಹಿರಿಯರ ಮಾತಿಗೆ ನಮ್ಮ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಅವರು ಹೇಳಿದ ಸಂಶೋಧನೆಯ ಪರಂಪರೆಗೆ ತಳಹದಿ ಹಾಕಿದ್ದು 1943ರಲ್ಲಿ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಪ್ರಕಟಿಸಿದ, ಅಮೆರಿಕದ ಅಯೋವಾ ರಾಜ್ಯದ ಎರಡು ಊರುಗಳ ರೈತರಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯ ಅಧ್ಯಯನ. ಬೀಜದ ಸುದ್ದಿಯನ್ನು ಮೊದಲು ಮುಟ್ಟಿಸಿದವರಲ್ಲಿ ಮಾರಾಟಗಾರರೇ ಮುಂದಿದ್ದರು. ಆದರೆ ಬಿತ್ತುವ ನಿರ್ಧಾರದ ಹೊತ್ತಿಗೆ ಹೆಚ್ಚು ತೂಕ ಬಂದದ್ದು ನೆರೆಹೊರೆಯ ರೈತರ ಮಾತಿಗೆ. ನಿಮ್ಮ ತಂದೆಯವರು ಕೇಳಿದ್ದೂ ಇದೇ ಇಬ್ಬರನ್ನು.

ಹಾಗಿದ್ದರೂ ನಮ್ಮ ಪ್ರಶ್ನೆಯೂ ನಿಮ್ಮ ಪ್ರಶ್ನೆಯೂ ಬೇರೆ. ರೈತರು ಹೊಸ ಪದ್ಧತಿಯನ್ನು ಅಳವಡಿಸಿಕೊಂಡರೇ ಎಂದು ನಾವು ಕೇಳುತ್ತೇವೆ. ನೀವು ಕೇಳಬೇಕಾದದ್ದು, ಆ ಮಾತು ಕೈಯಿಂದ ಕೈಗೆ ದಾಟುವಾಗ ಎಲ್ಲಿ ನಿಂತಿತು, ಎಲ್ಲಿ ರೂಪ ಬದಲಿಸಿತು ಎಂಬುದನ್ನು. ಲೇಖನದಲ್ಲಿ ಎರಡು ಪೀಡೆಗಳಾಗಿದ್ದದ್ದು ಅಂಗಡಿಯ ಕಟ್ಟೆಗೆ ಬರುವಾಗ ‘ಮುಟುರು’ ಎಂಬ ಒಂದೇ ಮಾತಾಗಿಬಿಡುತ್ತದೆ. ಹೆಸರು ಒಂದಾದ ಮೇಲೆ ಎಣ್ಣೆಯೂ ಒಂದೇ. ಯಾರೂ ಸುಳ್ಳು ಹೇಳಿಲ್ಲ, ಆದರೂ ಗಿಡ ಉಳಿಯಲಿಲ್ಲ.

ತಿಳಿವಳಿಕೆ ಯಾವಾಗಲೂ ಕಪಾಟಿನಿಂದ ಹೊಲಕ್ಕೇ ಹರಿಯುತ್ತದೆ ಎಂದೂ ಭಾವಿಸಬೇಡಿ. ಧಾರವಾಡದಲ್ಲಿ ಅಭಿವೃದ್ಧಿಯಾದ ವರಲಕ್ಷ್ಮಿ ಹೈಬ್ರಿಡ್ ಹತ್ತಿ 1972ರಲ್ಲಿ, ಜಯಲಕ್ಷ್ಮಿ ಎಂದು ಹೆಸರಾದ ಡಿಸಿಎಚ್ 32 ತಳಿ 1981ರಲ್ಲಿ ಬಂದವು. ಹೈಬ್ರಿಡ್ ಹತ್ತಿಯ ಬೀಜ ಸಿದ್ಧವಾಗಬೇಕಾದರೆ ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ರಾಣೆಬೆನ್ನೂರಿನ ಕಡೆ ‘ಕ್ರಾಸಿಂಗ್’ ಎಂದು ಕರೆಯುವ ಈ ಕೆಲಸವನ್ನು ಹೆಣ್ಣುಮಕ್ಕಳು ಪಕ್ಕದವರ ಬೆರಳು ನೋಡಿ ಕಲಿತಿದ್ದಾರೆಯೇ ಹೊರತು ಕರಪತ್ರ ಓದಿ ಅಲ್ಲ. ಉಗುರಿಗೆ ಎಷ್ಟು ಒತ್ತು ಕೊಟ್ಟರೆ ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಮುರಿಯುವುದಿಲ್ಲ ಎಂಬುದನ್ನು ಬರೆದು ತಿಳಿಸುವುದು ಕಷ್ಟ.

ಉತ್ತರ 3: ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು, ಗದಗ ಜಿಲ್ಲೆ

ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಪಡೆದವರ ವಹಿ ಇದೆ. ಕೇಳಿದ ಪ್ರಶ್ನೆಗಳ ವಹಿ ಇರಲಿಲ್ಲ. ಎರಡು ವರ್ಷದಿಂದ ಒಂದು ನೋಟುಬುಕ್ಕಿನಲ್ಲಿ ಅದನ್ನೂ ಬರೆಯುತ್ತಿದ್ದೇನೆ. ಅದರಿಂದ ಒಂದು ಪಾಠ ಕಲಿತೆ. ‘ಬೆಳೆಗೆ ರೋಗ ಬಂದರೆ ಯಾರನ್ನು ಕೇಳುತ್ತೀರಿ’ ಎಂದರೆ ಎಲ್ಲರೂ ರೈತ ಸಂಪರ್ಕ ಕೇಂದ್ರದ ಹೆಸರು ಹೇಳುತ್ತಾರೆ, ಏಕೆಂದರೆ ಹಾಗೆ ಹೇಳುವುದು ಸರಿ ಎಂದು ಅವರ ಭಾವನೆ. ‘ಈ ಸಲ ರೋಗ ಬಂದಾಗ ಮೊದಲು ಯಾರ ಮನೆಗೆ ಹೋದಿರಿ, ಅವರು ಏನೆಂದರು’ ಎಂದು ಕೇಳಿದರೆ ನಡೆದದ್ದು ಹೊರಬರುತ್ತದೆ.

ಉತ್ತರ 1ರ ನಿವೃತ್ತ ಗ್ರಂಥಪಾಲಕ ಮತ್ತೆ:

ಮೇಲ್ವಿಚಾರಕರು ಅನುಭವದಿಂದ ಕಂಡುಕೊಂಡದ್ದಕ್ಕೆ ಶಾಸ್ತ್ರದಲ್ಲೂ ಬುನಾದಿ ಇದೆ. ನಿರ್ದಿಷ್ಟ ಘಟನೆಯೊಂದನ್ನು ಹಿಡಿದು ವಿವರ ಪಡೆಯುವ ಕ್ರಮವನ್ನು ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ರೂಪಿಸಿದರು, ನಮ್ಮ ಕ್ಷೇತ್ರದಲ್ಲಿ ಅದು ಬಹುಕಾಲದಿಂದ ಬಳಕೆಯಲ್ಲಿದೆ. ಒಂದು ರೋಗ, ಒಂದು ಹಂಗಾಮು, ಒಂದು ಊರು ಎಂದು ಎಲ್ಲೆ ಹಾಕಿಕೊಳ್ಳಿ. ಪ್ರತಿಯೊಬ್ಬರೂ ಹೆಸರಿಸಿದವರ ಬಳಿಗೂ ಹೋಗಿ, ಅವರಿಗೆ ಯಾರು ಹೇಳಿದರೆಂದು ಕೇಳುತ್ತ ಹಿಂದಕ್ಕೆ ನಡೆಯಿರಿ. ಉಲ್ಲೇಖದ ಸರಪಳಿಯನ್ನು ಕಾಗದದ ಬದಲು ಮನುಷ್ಯರಲ್ಲಿ ಹುಡುಕಿದಂತಾಗುತ್ತದೆ. ಅಂಗಡಿಯವರನ್ನು ತಪ್ಪಿತಸ್ಥರಂತೆ ಪ್ರಶ್ನಿಸಬೇಡಿ. ಅವರೂ ಯಾರಿಂದಲೋ ಕೇಳಿದ್ದನ್ನೇ ದಾಟಿಸುತ್ತಿರುತ್ತಾರೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ:

ನಿಮ್ಮೆಲ್ಲರಿಗೂ ಕೃತಜ್ಞಳಾಗಿದ್ದೇನೆ. ನಮ್ಮ ಊರನ್ನೇ ಆರಿಸಿಕೊಂಡು, ಮುಟುರು ಕಾಣಿಸಿಕೊಳ್ಳುವ ಸೆಪ್ಟೆಂಬರ್ ಹೊತ್ತಿಗೆ ಕೆಲಸ ಶುರು ಮಾಡುತ್ತೇನೆ. ಪ್ರಶ್ನಾವಳಿಯ ಜೊತೆಗೆ ಮೇಲಕ್ಕೆ ಮುದುಡಿದ ಒಂದು ಎಲೆಯನ್ನೂ ಕೆಳಕ್ಕೆ ಮುದುಡಿದ ಒಂದು ಎಲೆಯನ್ನೂ ಹೊಲದಿಂದ ಕಿತ್ತು ಒಯ್ಯುವೆನು. ಬದುವಿನಾಚೆಯವರ ಮುಂದೆ, ಅಂಗಡಿಯ ಕಟ್ಟೆಯ ಮೇಲೆ, ರೈತ ಸಂಪರ್ಕ ಕೇಂದ್ರದ ಮೇಜಿನ ಮೇಲೆ ಅವೆರಡನ್ನೂ ಇಟ್ಟು, ಇವು ಒಂದೇ ರೋಗವೋ ಎರಡೋ, ಹಾಗೆಂದು ನಿಮಗೆ ಯಾರು ಹೇಳಿದರು ಎಂದು ಕೇಳುತ್ತೇನೆ. ಮೊದಲು ನಮ್ಮ ತಂದೆಯವರನ್ನೇ ಕೇಳುತ್ತೇನೆ.